ಅತ್ತೆಗೊಂದು ಆಷಾಢ

ಚೆನ್ನೈಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಇದನ್ನು ಬರೆಯುತ್ತಿರುವವನಿಗೆ ಒಂದು ಗಟ್ಟಿ ನಂಬಿಕೆಯಿತ್ತು. ಪುರಸೈವಾಕ್ಕಂ ರಸ್ತೆಯ ಅಂಗಡಿಗಳೆಲ್ಲ ಆಡಿ ಎಂಬ ಒಬ್ಬನೇ ಸಾಹುಕಾರನವು ಎಂದು. ಅಕ್ಷರ ಕೂಡಿಸಿ ಕೂಡಿಸಿ ತಮಿಳು ಓದುವುದನ್ನು ಆಗಷ್ಟೇ ಕಲಿತಿದ್ದ. ಸೀರೆ ಅಂಗಡಿಯ ಹಲಗೆಯಲ್ಲಿ ಆಡಿ, ಪಾತ್ರೆ ಅಂಗಡಿಯಲ್ಲಿ ಆಡಿ, ಬನಿಯನ್ ಅಂಗಡಿಯಲ್ಲೂ ಆಡಿ. ಒಬ್ಬ ಮನುಷ್ಯ ಇಷ್ಟು ಬೆಳೆದಿದ್ದಾನೆ, ತಾನು ಒಂದು ಬಕೆಟ್ ಕೊಳ್ಳಲು ಹದಿನೈದು ದಿನದಿಂದ ಯೋಚಿಸುತ್ತಿದ್ದೇನೆ ಎಂದು ನೊಂದುಕೊಂಡು, ಮಾರನೆಯ ದಿನ ಪಕ್ಕದ ಮೇಜಿನ ತಿರುಮಲೇಶನನ್ನು ಕೇಳಿದ: ಈ ಆಡಿ ಯಾರು, ಯಾವ ಊರಿನವನು?

ತಿರುಮಲೇಶ ಕಾಫಿ ನೆತ್ತಿಗೇರುವಷ್ಟು ನಕ್ಕ. ಅದು ಸಾಹುಕಾರನಲ್ಲ, ತಮಿಳರ ತಿಂಗಳು, ನಮ್ಮ ಆಷಾಢದ ತಮ್ಮನಿದ್ದಂತೆ ಎಂದ. ಶುಭಕಾರ್ಯವಿಲ್ಲ, ವ್ಯಾಪಾರವಿಲ್ಲ, ಅದಕ್ಕೇ ಅಂಗಡಿಯವರ ರಿಯಾಯಿತಿ. ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗುವ ಕಾಲವೂ ಅದೇ ಎಂದು ಸೇರಿಸಿದ. ಆಗ ಅವನಿಗಿನ್ನೂ ಮದುವೆಯಾಗಿರಲಿಲ್ಲ, ಆದ್ದರಿಂದ ನಕ್ಕ. ಮರುವರ್ಷ ನಗಲಿಲ್ಲ.

ತಿರುಮಲೇಶ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತ. ಯಾವ ಬೋಲ್ಟು ಯಾವ ಕಪಾಟಿನ ಎಷ್ಟನೆಯ ಖಾನೆಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ. ಮನೆಯಲ್ಲಿ ತನ್ನ ಬನಿಯನ್ ಎಲ್ಲಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಪ್ರಮೇಯವೂ ಬಂದಿರಲಿಲ್ಲ. ಅವನ ತಂದೆ ಅರಸೀಕೆರೆ ಕಡೆಯಿಂದ ಬಂದು ಇದೇ ವರ್ಕ್‌ಶಾಪಿನಲ್ಲಿ ದುಡಿದು, ಸರ್ವೀಸಿನಲ್ಲಿರುವಾಗಲೇ ತೀರಿಕೊಂಡರು. ಅವರ ಕೆಲಸ ಮಗನಿಗೆ ಸಿಕ್ಕಿತು. ಆ ಕೆಲಸದ ಜೊತೆ ಮಗ ಪೂರ್ತಿಯಾಗಿ ತಮ್ಮ ಸುಪರ್ದಿಗೆ ಬಂದನೆಂದು ತಾಯಿ ನಾಗರತ್ನಮ್ಮ ತಿಳಿದರು.

ಸೋಮವಾರ ಬೂದಿಬಣ್ಣದ ಅಂಗಿ, ಮಂಗಳವಾರ ಗೀಟಿನದು, ಅದನ್ನು ಅವರೇ ತೆಗೆದಿಡಬೇಕು. ಕ್ಷೌರ ಯಾವಾಗ, ಎಷ್ಟು ಗಿಡ್ಡ ಎಂಬುದೂ ಅವರದೇ ತೀರ್ಮಾನ. ಮಧ್ಯಾಹ್ನ ಒಂದೂ ಕಾಲಿಗೆ ಸರಿಯಾಗಿ ಫೋನ್ ಬರುತ್ತಿತ್ತು, ಮೊಸರನ್ನ ಮುಗಿಯಿತೇ ಎಂದು. ಮದುವೆಯ ಮಂಟಪದಲ್ಲಿ ಫೋಟೊದವನು ನಗಿ ಎಂದಾಗ ಅಮ್ಮನ ಮುಖ ನೋಡಿ, ಅಲ್ಲಿ ಅನುಮತಿ ಕಂಡ ಮೇಲೆ ನಕ್ಕವನು ತಿರುಮಲೇಶ. ಇಷ್ಟಾದರೂ ಇದನ್ನು ಬರೆಯುತ್ತಿರುವವನಿಗೆ ನಾಗರತ್ನಮ್ಮ ಸಾಕ್ಷಾತ್ ಅನ್ನಪೂರ್ಣೆಯಾಗಿದ್ದರು. ತಿರುಮಲೇಶನ ಊಟದ ಕ್ಯಾರಿಯರ್‌ನಲ್ಲಿ ಮೂರನೆಯ ಡಬ್ಬಿ ಪಕ್ಕದ ಮೇಜಿನ ಬ್ರಹ್ಮಚಾರಿಗೆ ಮೀಸಲು. ಹೊಟ್ಟೆ ತುಂಬಿದವನಿಗೆ ಯಾರ ದಬ್ಬಾಳಿಕೆ ಕಾಣುತ್ತದೆ?

ಹೆಂಡತಿ ಬೃಂದಾ ತಿಪಟೂರಿನ ಹುಡುಗಿ. ಪರೀಕ್ಷೆ ಬರೆದು ಪಾಸಾಗಿ ಪುರಸೈವಾಕ್ಕಂನ ಒಂದು ಬ್ಯಾಂಕಿಗೆ ಸೇರಿದ್ದಳು. ಕೆಲಸ ಕಾಯಂ ಆಗುವುದು ಆಗಸ್ಟ್ ಕೊನೆಗೆ. ಅದಕ್ಕೆ ಮೊದಲು ಉದ್ದ ರಜೆ ಹಾಕಿದರೆ ಕೆಲಸದ ಮೇಲಿನ ಆಸೆ ಬಿಡಬೇಕು ಎಂದು ಮ್ಯಾನೇಜರು ಮೊದಲ ದಿನವೇ ಹೇಳಿದ್ದರು. ಮೇ ತಿಂಗಳಲ್ಲಿ ಮದುವೆಯಾಯಿತು. ಜೂನ್ ಬಂತು.

ಒಂದು ಭಾನುವಾರ ಬೆಳಿಗ್ಗೆ ನಾಗರತ್ನಮ್ಮ ಹುರುಳಿಕಾಯಿ ಸೋಸುತ್ತ ಕೂತಿದ್ದರು. ಒಂದು ಪಕ್ಕದಲ್ಲಿ ನಮ್ಮ ಪಂಚಾಂಗ, ಇನ್ನೊಂದು ಪಕ್ಕದಲ್ಲಿ ಎದುರುಮನೆಯ ಮಾಮಿ ಕೊಟ್ಟ ತಮಿಳು ಕ್ಯಾಲೆಂಡರು. ಎರಡನ್ನೂ ನೋಡಿ ಲೆಕ್ಕ ಹೇಳಿದರು. ಇಪ್ಪತ್ತಾರಕ್ಕೆ ನಮ್ಮ ಆಷಾಢ ಶುರು. ಅದು ಮುಗಿಯುವಷ್ಟರಲ್ಲಿ ಇವರ ಆಡಿ ಹಿಡಿದುಕೊಂಡಿರುತ್ತದೆ. ಈ ಊರಿನ ನೀರು ಕುಡಿದ ಮೇಲೆ ಈ ಊರಿನ ತಿಂಗಳನ್ನೂ ಪಾಲಿಸಬೇಕು. ಅತ್ತೆ ಸೊಸೆ ಒಂದೇ ಹೊಸಿಲು ದಾಟುವಂತಿಲ್ಲ. ಒಟ್ಟು ಐವತ್ತೆರಡು ದಿನ. ಸೊಸೆಗೆ ತಿಪಟೂರಿನ ಟಿಕೆಟ್ ಆಗಲೇ ಮಾಡಿಸಿದ್ದರು.

ಬೃಂದಾಗೆ ಕೈಯಲ್ಲಿದ್ದ ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಐವತ್ತೆರಡು ದಿನ ಹೋದರೆ ತಿರುಗಿ ಬರುವಾಗ ಕೆಲಸ ಇರುವುದಿಲ್ಲ ಎಂದು ಮೆಲ್ಲಗೆ ಹೇಳಿದಳು.

"ಕೆಲಸ ಹೋದ್ರೆ ಇನ್ನೊಂದು ಸಿಗತ್ತೆ ಕಣಮ್ಮ," ಎಂದರು ನಾಗರತ್ನಮ್ಮ, ನಾರು ಬಿಡಿಸುತ್ತಲೇ. "ಅತ್ತೆ ಹೋದ್ರೆ ಇನ್ನೊಬ್ಳು ಸಿಗ್ತಾಳಾ?"

ಬೃಂದಾ ಗಂಡನ ಕಡೆ ನೋಡಿದಳು. ತಿರುಮಲೇಶ ಅಭ್ಯಾಸಬಲದಿಂದ ಅಮ್ಮನ ಕಡೆ ನೋಡಿದ. ಅಮ್ಮ ಹುರುಳಿಕಾಯಿಯ ಕಡೆ ನೋಡುತ್ತಿದ್ದರು, ಮಗನ ಉತ್ತರ ತಮ್ಮ ಬುಟ್ಟಿಯಲ್ಲೇ ಇದೆ ಎಂಬ ನೆಮ್ಮದಿಯಿಂದ. ಬೃಂದಾ ಪರೀಕ್ಷೆಗೆ ಬೆಳಗಿನ ನಾಲ್ಕಕ್ಕೆ ಎದ್ದು ಓದುತ್ತಿದ್ದ ಕಥೆ ಅವನಿಗೆ ಗೊತ್ತಿತ್ತು. ಸ್ಟೋರ್ಸಿನಲ್ಲಿ ಯಾರಾದರೂ ಅವಸರದಲ್ಲಿ ಸಾಮಾನು ಕೇಳಿದರೆ ನಿಯಮದ ಪುಸ್ತಕ ತೆರೆಯುವುದು ಅವನ ರೂಢಿ. ಈಗಲೂ ಅದೇ ಕೈಹಿಡಿಯಿತು.

"ಒಂದೇ ಹೊಸಿಲು ದಾಟಬಾರ್ದು ಅಂತ ತಾನೇ ಶಾಸ್ತ್ರ? ಯಾರು ಹೋಗ್ಬೇಕು ಅಂತ ಅದ್ರಲ್ಲಿಲ್ಲ," ಎಂದ. "ನೀನೇ ಹೋಗಮ್ಮ. ಮಹದೇವ ಮಾವನ ಮನೇಲಿರು."

ಮಾತು ಹೊರಗೆ ಬಿದ್ದ ಮೇಲೆ ಅದನ್ನು ಆಡಿದವರು ಯಾರೆಂದು ತಿರುಮಲೇಶನೇ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು. ಬೃಂದಾ ಲೋಟವನ್ನು ಪಂಚಾಂಗದ ಮೇಲೆಯೇ ಇಟ್ಟುಬಿಟ್ಟಳು. ನಾಗರತ್ನಮ್ಮನವರ ಬೆರಳಲ್ಲಿ ಅರ್ಧ ಬಿಡಿಸಿದ ನಾರು ಹಾಗೇ ನೇತಾಡುತ್ತಿತ್ತು. ಕುಕ್ಕರ್ ಕೂಗಿತು, ಮತ್ತೆ ಕೂಗಿತು, ಆ ಮನೆಯಲ್ಲಿ ಮೊದಲ ಬಾರಿಗೆ ಅದು ಎಷ್ಟು ಸಲ ಕೂಗಿತೆಂದು ಯಾರೂ ಎಣಿಸಲಿಲ್ಲ.

"ಶಾಸ್ತ್ರ ಅದೊಂದೇ ಅಲ್ವಲ್ಲೋ," ಎಂದರು ಕೊನೆಗೆ, ದನಿ ಸಣ್ಣದಾಗಿತ್ತು.

"ಇನ್ನೇನಿದೆಯಮ್ಮ?"

ಇನ್ನೊಂದಿತ್ತು. ಹೊಸ ಗಂಡಹೆಂಡಿರು ಆ ತಿಂಗಳು ಕೂಡಿರಬಾರದು ಎಂಬುದು. ಅದನ್ನು ಬೆಳೆದ ಮಗನ ಎದುರಿಗೆ, ಸೊಸೆಯ ಎದುರಿಗೆ ಬಾಯಿಬಿಟ್ಟು ಹೇಳುವುದು ಹೇಗೆ? ನಾಗರತ್ನಮ್ಮ ಬಾಯಿ ತೆರೆದರು, ಕಿವಿ ಕೆಂಪಾಯಿತು, ಬಾಯಿ ಮುಚ್ಚಿದರು. ಎದ್ದು ಹೋಗಿ ಕುಕ್ಕರ್ ಇಳಿಸಿದರು. ಆಮೇಲೆ ಅಟ್ಟದ ಮೇಲಿಂದ ಬ್ಯಾಗು ಇಳಿಸಿದರು.

ಹೊರಟ ದಿನ ಆಟೊ ಹತ್ತುವ ಮುಂಚೆ ಅವರು ಮೂರು ಸಲ ಚಪ್ಪಲಿ ಸರಿಮಾಡಿಕೊಂಡರು. ಮಗ ತಡೆಯಲೆಂದು ಸಮಯ ಕೊಟ್ಟರು. ತಿರುಮಲೇಶ ತಡೆಯಲಿಲ್ಲ. ಬ್ಯಾಗು ಹಿಡಿದು, ತಾನೂ ಆಟೊದಲ್ಲಿ ಕೂತು, ವೆಸ್ಟ್ ಮಾಂಬಲಂನಲ್ಲಿ ಇನ್ಶೂರೆನ್ಸ್ ಕೆಲಸದಿಂದ ನಿವೃತ್ತರಾಗಿದ್ದ ಸೋದರಮಾವ ಮಹದೇವನ ಫ್ಲ್ಯಾಟಿಗೆ ಬಿಟ್ಟು ಬಂದ. ಮನೆಗೆ ಬಂದು ನೋಡಿದರೆ ಸಾರಿನ ಪುಡಿಯ ಡಬ್ಬಿ ಇರಲಿಲ್ಲ. ಅಮ್ಮ ಅದನ್ನೂ ಹೊತ್ತುಕೊಂಡು ಹೋಗಿದ್ದರು.

ಮಾರನೆಯ ದಿನ ಕ್ಯಾರಿಯರ್‌ನಲ್ಲಿ ಎರಡೇ ಡಬ್ಬಿ. ಇದನ್ನು ಬರೆಯುತ್ತಿರುವವನಿಗೆ ಭೂಮಿ ಬಾಯಿಬಿಟ್ಟಂತಾಯಿತು. ಕಾರಣ ಕೇಳಿದ ಮೇಲೆ ಹಸಿವನ್ನೂ ಮರೆತ. ತಿರುಮಲೇಶ ಅಮ್ಮನಿಗೆ ಹೋಗು ಎಂದನಂತೆ ಎಂಬ ಸುದ್ದಿ ಊಟದ ಹೊತ್ತು ಮುಗಿಯುವುದರೊಳಗೆ ವಿಭಾಗವನ್ನೆಲ್ಲ ಸುತ್ತಿತು. ಅವನು ಸೋಮವಾರ ಗೀಟಿನ ಅಂಗಿ ಹಾಕಿಕೊಂಡು ಬಂದಾಗ ಮೇಲಧಿಕಾರಿ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಒಂದೂ ಕಾಲಿನ ಫೋನೂ ನಿಂತಿತ್ತು. ಮೊದಮೊದಲು ಆ ಹೊತ್ತಿಗೆ ಅವನ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು, ಬರಬರುತ್ತ ಹೋಗಲಿಲ್ಲ. ಬೃಂದಾ ಮಾಡಿದ ಸಾರು ಹೇಗಿರುತ್ತದೆ ಎಂದು ಕೇಳಿದರೆ, ನೀರು ಎನ್ನುತ್ತಿದ್ದ, ಎರಡು ಸಲ ಹಾಕಿಸಿಕೊಳ್ಳುತ್ತೇನೆ ಎಂದೂ ಸೇರಿಸುತ್ತಿದ್ದ.

ಆಷಾಢದ ಅಮಾವಾಸ್ಯೆ ಕಳೆದ ಮಾರನೆಯ ದಿನ, ಒಂದೂ ಕಾಲಿಗೆ, ಮೇಜಿನ ಮೇಲಿದ್ದ ಫೋನ್ ಹೊಡೆದುಕೊಂಡಿತು. ತಿರುಮಲೇಶನ ಬಲಗೈಯೆಲ್ಲ ಮೊಸರು. ಎಡಗೈಯಿಂದ ಸ್ಪೀಕರಿಗೆ ಹಾಕಿದ.

ನಾಗರತ್ನಮ್ಮ ಕುಶಲ ಕೇಳಲಿಲ್ಲ. ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಒಂದು ಸೌಟು ಮುಟ್ಟಲೂ ಬಿಡುವುದಿಲ್ಲ ಎಂದರು. ನಾಳೆ ಬರುತ್ತೇನೆ ಎಂದರು. ಆಡಿ ಮುಗಿಯಲು ಇನ್ನೂ ಇಪ್ಪತ್ತಮೂರು ದಿನ ಇದೆಯಲ್ಲಮ್ಮ ಎಂದು ಇವನು ಜ್ಞಾಪಿಸಿದ. ಅದಕ್ಕೆ ಅವರ ಬಳಿ ಉತ್ತರ ಸಿದ್ಧವಿತ್ತು.

"ಸರಿ. ಆಷಾಢ ನಾನು ಕಳೆದೆ, ಆಡಿ ಅವಳು ಕಳೀಲಿ. ತಿಪಟೂರಿಗೆ ಟಿಕೆಟ್ ಮಾಡ್ಸು."

ನ್ಯಾಯವಾಗಿಯೇ ಇತ್ತು. ನಿಯಮದ ಪುಸ್ತಕದಲ್ಲಿ ಇದಕ್ಕೆ ಮರುಮಾತಿರಲಿಲ್ಲ. ತಿರುಮಲೇಶ ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ ಕೊನೆಯನ್ನು ನೋಡಿದ, ಕಪಾಟುಗಳನ್ನು ನೋಡಿದ.

"ಅವಳು ಎಲ್ಲಿಗೂ ಹೋಗಲ್ಲಮ್ಮ. ಆಡಿಗೂ ಇಲ್ಲ, ಯಾವುದಕ್ಕೂ ಇಲ್ಲ. ನೀನು ಬರೋದಾದ್ರೆ ಬಾ, ಅವಳು ಇರೋ ಮನೆಗೇ ಬರ್ಬೇಕು."

ಆಗ ನಾಗರತ್ನಮ್ಮ, ಇಷ್ಟು ವರ್ಷದಲ್ಲಿ ಎಂದೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದರು.

"ನಾನಿಲ್ದೆ ಸುಖವಾಗಿದ್ದೀಯೇನೋ?"

ಪಕ್ಕದ ಮೇಜಿನವನು ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೇ ನಿಲ್ಲಿಸಿದ. ಎದುರಿನ ಮೂವರಿಗೆ ಕನ್ನಡ ಬಾರದು, ಆದರೂ ಅವರೂ ನಿಲ್ಲಿಸಿದರು.

ತಿರುಮಲೇಶ ಫೋನಿನ ಹತ್ತಿರಕ್ಕೆ ಬಗ್ಗಿದ.

"ಹೂಂ ಅಮ್ಮ. ಸುಖವಾಗಿದ್ದೀನಿ."