ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಮುಖ ಮುಚ್ಚಿದ ಕೂಸು

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ, ಹಾಲು ಕಾಯಿಸಿಟ್ಟು, ವರ್ಷದ ಮೆಣಸಿನಕಾಯಿ ತರಲು ಹಾವೇರಿಯಿಂದ ಬ್ಯಾಡಗಿಗೆ ಹೋದೆ. ಮಧ್ಯಾಹ್ನ ಮರಳುವಾಗ ಬಸ್ ನಿಲ್ದಾಣದಲ್ಲಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮುಗಿಸಿ ಬಂದ ಎಳೆಯ ತಾಯಿಯೊಬ್ಬಳು ನನ್ನ ಪಕ್ಕದಲ್ಲಿ ಕೂತಳು. ಹಳೇ ಸೀರೆಯನ್ನು ಹೆಗಲಿಗೆ ಜೋಳಿಗೆಯಾಗಿ ಕಟ್ಟಿ ಕೂಸನ್ನು ಹಾಕಿಕೊಂಡಿದ್ದಳು. ಘಾಟು ತಾಗದಿರಲೆಂದು ಅದರ ಮುಖಕ್ಕೆ ಒದ್ದೆ ಬಟ್ಟೆ ಮುಚ್ಚಿದ್ದಳು. ಅಲ್ಲಿ ಕೆಲಸ ಮಾಡುವ ತಾಯಂದಿರೆಲ್ಲ ಹೀಗೇ ಮುಚ್ಚುತ್ತಾರಂತೆ.

“ಮುಂಜಾನಿಂದ ಕೆಮ್ಮಿ ಕೆಮ್ಮಿ ಅಳಾಕತ್ತಿತ್ರಿ ಅಕ್ಕಾರ. ಈಗ ಶಾಣ್ಯಾ ಆಗಿ ಮಲಗೈತಿ,” ಎಂದು ನಕ್ಕಳು.

ಮೂಗಿನ ಬಳಿ ಬಟ್ಟೆ ಅಲುಗುತ್ತಿರಲಿಲ್ಲ.

“ತಂಗಿ, ಲಗೂ ಬಟ್ಟಿ ತಗಿ!”

ಕೂಸಿನ ಗದ್ದ ಎದೆಗೆ ಒತ್ತಿಕೊಂಡಿತ್ತು, ತುಟಿ ನೀಲಿಯಾಗಿತ್ತು. ಎತ್ತಿ ನೆಟ್ಟಗೆ ಹಿಡಿದು ಬೆನ್ನು ತಿಕ್ಕಿದೆವು. ಕೊನೆಗೊಮ್ಮೆ ಬೆಕ್ಕಿನ ಮರಿಯಂಥ ಅಳು ಹೊರಟಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಆಕ್ಸಿಜನ್ ಹಚ್ಚಿ, “ಜೀವಕ್ಕೇನಿಲ್ಲ. ಇನ್ಮ್ಯಾಲೆ ಜೋಳಿಗ್ಯಾಗ ಕೂಸಿನ ಮಾರಿ ಯಾವಾಗಲೂ ಕಾಣಬೇಕು ನೋಡವ್ವಾ,” ಎಂದರು.

“ಮತ್ತ ಘಾಟಿಗೆ ಏನ್ ಮಾಡ್ಲಿರಿ?” ಎಂದು ತಾಯಿ ಕೇಳಿದಳು. ಡಾಕ್ಟರು ಮುಂದಿನ ರೋಗಿಯ ಮಂಚಕ್ಕೆ ಹೋದರು.

ಸಂಜೆ ಹಾವೇರಿಗೆ ಮರಳಿದಾಗ ಪಕ್ಕದ ಮನೆಯಾಕೆ ನನ್ನ ಮೆಣಸಿನಕಾಯಿ ಚೀಲಕ್ಕೆ ಇಣುಕಿದಳು. “ಬಣ್ಣ ಛಲೋ ಐತ್ರಿ. ಆದ್ರ ತೊಟ್ಟು ಬಿಡಿಸಿದ್ದನ್ನ ತರಬೇಕಿತ್ತು, ಮನ್ಯಾಗ ಕುಂತು ಯಾರು ಘಾಟು ಕುಡೀತಾರ?”