ಹಿಂಬಾಗಿಲಿನ ಸೂಜಿ ಅಕ್ಕ

ಬೆಳಕು ಹರಿಯುವ ಮೊದಲೇ ಆಸ್ಪತ್ರೆಯ ಹಿಂಬಾಗಿಲಿನ ಚಿಲಕ ಸರಿಯುತ್ತದೆ. ಒಳಗೆ ಒಂದು ಮೇಜು, ಸ್ಟೂಲು, ಔಷಧಿಯ ಪುಟ್ಟ ಫ್ರಿಜ್. ಬರುವವರೆಲ್ಲ ಗಂಡಸರು. ಕಾಲರ್ ಏರಿಸಿಕೊಂಡು ಕಳ್ಳಬೆಕ್ಕಿನ ಹಾಗೆ ನುಸುಳುತ್ತಾರೆ. "ಹೊಟ್ಟೆ ಚರ್ಮ ಚಿವುಟಿ ಹಿಡ್ಕೊಳ್ಳಿ, ಉಸಿರು ಬಿಡಿ. ಆಯ್ತು, ಏಳಿ. ಇಷ್ಟಕ್ಕೆ ರಾತ್ರಿಯೆಲ್ಲ ಹೆದರ್ಕೊಂಡಿದ್ರಾ?" ಎನ್ನುವ ನರ್ಸಮ್ಮನಿಗೆ ಎಲ್ಲರೂ ಇಟ್ಟ ಹೆಸರು ಸೂಜಿ ಅಕ್ಕ.

ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ಹಾರ್ಮೋನ್ ಕೊರತೆಯಿಂದ ಮಕ್ಕಳಾಗದ ಗಂಡಸರಿಗೆ ಡಾಕ್ಟರು ಬರೆದ ಇಂಜೆಕ್ಷನ್ ಕೊಡುವುದು, ಮನೆಯಲ್ಲಿ ತಾವೇ ಚುಚ್ಚಿಕೊಳ್ಳಲು ಕಲಿಸುವುದು. ಬೆಳಗಿಗೆ ಎಂಟು-ಹತ್ತು ಮಂದಿ. "ನಿಮ್ಮಲ್ಲೇನೂ ಕೆಟ್ಟಿಲ್ಲ. ಕೆಲಸ ಶುರು ಮಾಡು ಅಂತ ಮೆದುಳಿಂದ ಬರೋ ಅಪ್ಪಣೆ ಬರ್ತಿಲ್ಲ, ಅಷ್ಟೇ. ಅದನ್ನ ಈ ಸೂಜಿ ತಲುಪಿಸುತ್ತೆ" ಎಂದು ಎಲ್ಲರಿಗೂ ಹೇಳುತ್ತಾರೆ. ಗಂಡ ಕದ್ದು ಬಂದು ಹೋಗುತ್ತಾನೆ, ಮಕ್ಕಳಿಲ್ಲವೆಂಬ ಚುಚ್ಚುಮಾತು ಕೇಳುವವಳು ಮಾತ್ರ ಹೆಂಡತಿ. ಅಕ್ಕನ ಮೈ ಉರಿಯುವುದು ಅದಕ್ಕೇ. ಆದರೆ ರೋಗಿಯ ಗುಟ್ಟನ್ನು ನರ್ಸ್ ಬಾಯಿಬಿಡುವಂತಿಲ್ಲ.

ಬೇಕರಿಯವನದೂ ಅದೇ ಕಥೆ. ಮೂವತ್ತು ದಾಟಿದರೂ ಮೀಸೆ ಚಿಗುರಿರಲಿಲ್ಲ. ಭಟ್ಟಿ ಕೆಲಸ ಮುಗಿಸಿ, ಹುಬ್ಬಿನ ಮೇಲೆ ಮೈದಾ ಹೊತ್ತು ಬರುತ್ತಿದ್ದ. ಮನೆಯಲ್ಲಿ ಅವನ ತಾಯಿ ಸೊಸೆಯನ್ನು ಬಂಜೆಯೆಂದು ಮೂದಲಿಸುತ್ತಿದ್ದರು. ಗಂಡನ ಮಾನ ಕಾಯಲು ಆ ಹುಡುಗಿ ತುಟಿಪಿಟಕ್ಕೆನ್ನಲಿಲ್ಲ.

ಕೆಲವೇ ತಿಂಗಳಲ್ಲಿ ಮೀಸೆ ಚಿಗುರಿತು ನೋಡಿ, ಆಸಾಮಿ ಹಿಗ್ಗಿ ಹೀರೇಕಾಯಿಯಾದ. ಇನ್ನೂ ದಟ್ಟವಾಗಲೆಂದು ಆಸ್ಪತ್ರೆಯ ಸೂಜಿ ಬಿಟ್ಟು, ಜಿಮ್ ಗೆಳೆಯ ಕೊಟ್ಟ ಟೆಸ್ಟೊಸ್ಟೆರಾನ್ ಚುಚ್ಚಿಕೊಂಡ. ಮೀಸೆ ಹುರಿ ಮಾಡುವಂತಾಯಿತು ನಿಜ. ಆದರೆ ಆ ಹಾರ್ಮೋನನ್ನು ಹೊರಗಿನಿಂದ ತುಂಬಿದರೆ ವೀರ್ಯಾಣು ಹುಟ್ಟುವುದೇ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಒಂದೂ ಕಾಣಲಿಲ್ಲ. ಅಕ್ಕ ಅವನ ಜನ್ಮ ಜಾಲಾಡಿದರು: "ಮೀಸೆ ಬೇಕಾ, ಮಗು ಬೇಕಾ? ಈಗಲೇ ಹೇಳು."

ಡಾಕ್ಟರು ಮತ್ತೆ ಮೊದಲಿನಿಂದ ಶುರು ಮಾಡಿಸಿದರು. ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ "ಓಡಾಡ್ತಿವೆಯಂತೆ ಕಣೋ, ಬೇಕಾದಷ್ಟಿವೆಯಂತೆ" ಎಂದು ಅಕ್ಕ ಹೇಳಿದಾಗ, ಆ ಮೀಸೆಯವನು ಸ್ಟೂಲಿನ ಮೇಲೆ ಕೂತು ಗಳಗಳ ಅತ್ತುಬಿಟ್ಟ.

ಇವತ್ತು ಬೆಳಗ್ಗೆ ಹತ್ತು ಗಂಟೆ. ಅಕ್ಕ ಮುಂದಿನ ಹಾಲ್‌ನಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದಾರೆ. ಜನ ತುಂಬಿದ ಹಾಲ್‌ಗೆ ಬೇಕರಿಯವ ಮುಂಬಾಗಿಲಿನಿಂದ ಬರುತ್ತಾನೆ. ತೋಳಿನಲ್ಲಿ ಲಸಿಕೆಗೆಂದು ತಂದ ಮಗಳು, ಹಿಂದೆ ಹೆಂಡತಿ, ತಾಯಿ. "ಸೊಸೆಗೆ ಕೊನೆಗೂ ಔಷಧಿ ನಾಟ್ತು" ಎಂದು ತಾಯಿ ಪಕ್ಕದವರಿಗೆ ಹೇಳುತ್ತಿದ್ದಾರೆ.

"ಅವಳಿಗಲ್ಲಮ್ಮ" ಎನ್ನುತ್ತಾನೆ ಮಗ, ಇಡೀ ಹಾಲ್‌ಗೆ ಕೇಳುವಂತೆ. "ಕೊರತೆ ಇದ್ದಿದ್ದು ನನಗೆ. ಎರಡು ವರ್ಷ ಸೂಜಿ ಚುಚ್ಚಿಸ್ಕೊಂಡಿದ್ದೂ ನಾನೇ, ಈ ಅಕ್ಕನ ಕೈಲಿ."

ತಾಯಿ ಸೊಸೆಯ ಕೈ ಹಿಡಿದುಕೊಳ್ಳುತ್ತಾರೆ, ಬಿಡುವುದಿಲ್ಲ. ಆಗ ಬೆಂಚಿನ ತುದಿಯಲ್ಲಿದ್ದ ಇನ್ನೊಬ್ಬ ಗಂಡಸು ಹೆಂಡತಿಯ ಪಕ್ಕದಿಂದ ಎದ್ದು ಕೇಳುತ್ತಾನೆ: "ಅಕ್ಕಾ, ಡಾಕ್ಟರನ್ನ ನಾನೂ ನೋಡ್ಬೇಕಿತ್ತು."

ಸೂಜಿ ಅಕ್ಕನ ಕಣ್ಣು ತುಂಬುತ್ತದೆ, ನಗುವೂ ಬರುತ್ತದೆ. ನಿಮಗೇನು ಆಸೆ ಎಂದರೆ ಒಂದೇ ಮಾತು: "ಆ ಹಿಂಬಾಗಿಲಿಗೆ ಬೀಗ ಜಡಿಯೋ ದಿನ ಬರ್ಬೇಕು. ಆವತ್ತು ನಾನೂ ಬಿಸಿಲು ಬರೋವರೆಗೆ ಮಲಗ್ತೀನಿ."