ಕಾರಿನ ಮೂಗಿನಲ್ಲಿ ಜೋಳದ ಹೊಟ್ಟು

ನಮ್ಮ ಕಾರಿನ ಎಸಿ ಕೆಟ್ಟಿದ್ದು ಮೊದಲು ಗೊತ್ತಾದದ್ದು ಅಪ್ಪನ ತುಟಿ ನೋಡಿ. ಕಿಡ್ನಿ ಕೈಕೊಟ್ಟ ಮೇಲೆ ಅವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ನಮ್ಮೂರು ತಾಂಬಾದಿಂದ ಇಂಡಿ ಪಟ್ಟಣದ ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ. ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ತಂಬಿಗೆ ದಾಟಬಾರದೆಂದು ಡಾಕ್ಟರು ಹೇಳಿದ್ದಾರೆ. ನಮ್ಮ ಬಿಸಿಲಿನಲ್ಲಿ ಅದು ಶಿಕ್ಷೆಯೇ ಸರಿ. ಕಾರು ತಂಪಾಗಿದ್ದರೆ ಮಾತ್ರ ಅವನು ನೀರಡಿಕೆ ಮರೆತು ಒಂದಿಷ್ಟು ಕಣ್ಣು ಮುಚ್ಚುತ್ತಾನೆ. ಕಳೆದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಪಕ್ಕಕ್ಕೆ ತಿರುಗಿ ನೋಡಿದರೆ, ಟವೆಲ್ಲಿನ ತುದಿ ಒದ್ದೆ ಮಾಡಿ ತುಟಿಗೆ ಒತ್ತಿಕೊಂಡು ಕೂತಿದ್ದ. ಗಾಳಿಯ ಕಿಂಡಿಗೆ ಕೈಯೊಡ್ಡಿದೆ. ಒಲೆಯ ಬಾಯಿಂದ ಬಂದಂಥ ಗಾಳಿ.

ಸಿಂದಗಿಯ ಗ್ಯಾರೇಜಿನವನು ನೋಡಿದ ಕೂಡಲೇ ಗ್ಯಾಸ್ ಖಾಲಿಯಾಗಿದೆ ಎಂದ, ತುಂಬಿಸಿ ಕಳಿಸಿದ. ಮುಂದಿನ ಸಲವೂ ಅದೇ ಬಿಸಿ ಗಾಳಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಾರಣ ಗೊತ್ತಾಗದ ಸಂಗತಿ ನನಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ, ತೆಗೆಯುವವರೆಗೆ ನಾಲಿಗೆ ಸುಮ್ಮನಿರುವುದಿಲ್ಲ. ಶಾಲೆಯ ಪ್ರಯೋಗಾಲಯದ ಥರ್ಮಾಮೀಟರನ್ನು ಹೆಡ್‌ಮಾಸ್ತರರಿಗೆ ಹೇಳಿಯೇ ತಂದು ಕಿಂಡಿಗೆ ಕಟ್ಟಿದೆ. ಕಾರು ಓಡುತ್ತಿದ್ದಾಗ ಪಾದರಸ ತುಸು ಇಳಿಯುತ್ತಿತ್ತು. ಇಂಡಿ ಪೇಟೆಯ ಸಂದಣಿಯಲ್ಲಿ ನಿಂತರೆ ಸರಸರ ಏರುತ್ತಿತ್ತು. ಬೆಳಗಿನ ಹೊತ್ತು ಒಂದು ರೀತಿ, ಮಧ್ಯಾಹ್ನ ಇನ್ನೊಂದು ರೀತಿ. ಗ್ಯಾಸ್ ಇಲ್ಲದಿದ್ದರೆ ಯಾವಾಗಲೂ ಬಿಸಿಯೇ ಬರಬೇಕಲ್ಲ?

"ಅದಕ್ಕ ಜ್ವರ ಬಂದಾವೇನು?" ಅಪ್ಪ ಕೇಳಿದ. ಥರ್ಮಾಮೀಟರು ಕಂಡಾಗಿನಿಂದ ಅವನಿಗೆ ನಾನೊಂದು ತಮಾಷೆ.

ಆ ದಾರಿಯಲ್ಲಿ ನಮ್ಮದೊಂದು ರೂಢಿಯಿತ್ತು. ಸುಗ್ಗಿ ಬಂತೆಂದರೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಜೋಳದ ತೆನೆ ಹರಡಿ ಪಕ್ಕಕ್ಕೆ ನಿಂತರಾಯಿತು, ಹಾದುಹೋಗುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಹೊರಗಿನವರು ಬೈದುಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಅಪ್ಪ ಮಾತ್ರ ಬಿಡುತ್ತಿರಲಿಲ್ಲ. "ಸಾವಕಾಶ ಹಾಯಿಸು. ಇನ್ನೊಮ್ಮೆ ಹಿಂದ ತಗೋ. ಆ ಬಾಜೂ ಇನ್ನೂ ತೆನಿ ಒಡದಿಲ್ಲ" ಎನ್ನುತ್ತಿದ್ದ. ಹಾಗೆ ರಾಶಿ ಮಾಡುವವರು, ಅಂದರೆ ಒಕ್ಕುವವರು, ಕೈ ಎತ್ತಿದರೆ ಇವನೂ ಕೈ ಎತ್ತುತ್ತಿದ್ದ. ನನಗೂ ಅದು ಪುಣ್ಯದ ಕೆಲಸವೆಂದೇ ಅನಿಸಿತ್ತು.

ಕೊನೆಗೆ ಆಸ್ಪತ್ರೆಯಿಂದ ಬರುವಾಗ ಇಂಡಿಯಲ್ಲೇ ಎಸಿ ಕೆಲಸದ ಹಳೆಯ ಮಿಸ್ತ್ರಿಯೊಬ್ಬರ ಹತ್ತಿರ ಕಾರು ನಿಲ್ಲಿಸಿದೆ. ನನ್ನ ಥರ್ಮಾಮೀಟರಿನ ಕಥೆಯನ್ನು ಅವರು ಪೂರ್ತಿ ಕೇಳಿದರು. ಆಮೇಲೆ ಗ್ಯಾಸ್ ಅಳೆಯುವ ಮೀಟರು ಹಚ್ಚಿ ನೋಡಿದರು.

"ಗ್ಯಾಸ್ ಬರೋಬ್ಬರಿ ಐತ್ರಿ ಅಕ್ಕಾರ. ಗಾಳಿನ ಹಾಯಾಕತ್ತಿಲ್ಲ."

ಮುಂದಿನ ಜಾಲರಿ ಬಿಚ್ಚಿದರು. ರೇಡಿಯೇಟರಿನ ಮುಂದೆ ಬಾಚಣಿಗೆಯ ಹಲ್ಲಿನಂಥ ತೆಳ್ಳನೆಯ ಪಟ್ಟಿಗಳ ಒಂದು ಚೌಕಟ್ಟು ಇರುತ್ತದೆ, ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವುದು ಅದೇ. ಆ ಪಟ್ಟಿಗಳೇ ಕಾಣುತ್ತಿರಲಿಲ್ಲ. ಕಂಬಳಿ ಹೊದಿಸಿದ ಹಾಗೆ ಜೋಳದ ಹೊಟ್ಟು ಮೆತ್ತಿಕೊಂಡಿತ್ತು. ಮಿಸ್ತ್ರಿ ಒಂದು ಹಿಡಿ ಕಿತ್ತು ನನ್ನ ಅಂಗೈಗೆ ಹಾಕಿದರು.

"ಈ ಸುಗ್ಗ್ಯಾಗ ಎಷ್ಟ್ ರಾಶಿ ಮಾಡೀರಿ ಈ ಗಾಡಿಲೆ?"

ಬಿಸಿ ಹೊರಹೋಗದಿದ್ದರೆ ತಂಪು ಬಾರದು ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ನಾಚಿಕೆಯಾಯಿತು. ಕಾರಣ ಸಿಕ್ಕಿತೆಂಬ ಖುಷಿ ಅದಕ್ಕಿಂತ ಹೆಚ್ಚಾಗಿತ್ತು ಎಂದೂ ಒಪ್ಪಿಕೊಳ್ಳಬೇಕು.

"ನಾ ಹೇಳಿ ಮಾಡಿಸೇನಿ. ಅಕಿದೇನೂ ತಪ್ಪಿಲ್ಲ" ಎಂದ ಅಪ್ಪ, ಸೀಟಿನಲ್ಲಿ ಕೂತಲ್ಲಿಂದಲೇ.

ಮಿಸ್ತ್ರಿ ಹಿಂದಿನಿಂದ ಮುಂದಕ್ಕೆ ಸಣ್ಣಗೆ ನೀರು ಬಿಟ್ಟು ತೊಳೆದರು. ಜೋರು ಮಾಡಿದರೆ ಪಟ್ಟಿಗಳು ಮಣಿಯುತ್ತವಂತೆ. ಉಳಿದ ಹೊಟ್ಟನ್ನು ಮೆತ್ತನೆಯ ಬ್ರಷ್ಷಿನಿಂದ ಬಾಚಿ ತೆಗೆದರು. "ಇನ್ನ ರಾಶಿ ಮ್ಯಾಲ ಹಾಯಿಸಬ್ಯಾಡ್ರಿ" ಎಂದು ಅಪ್ಪನಿಗೇ ಹೇಳಿದರು. ಆ ದಿನ ಊರು ಮುಟ್ಟುವವರೆಗೆ ಅಪ್ಪ ನಿದ್ದೆ ಮಾಡಿದ. ಟವೆಲ್ಲು ಒಣಗಿದ್ದು ಒಣಗಿದ ಹಾಗೆಯೇ ಹೆಗಲ ಮೇಲಿತ್ತು.

ಮುಂದಿನ ಸಲ ಹೋಗುವಾಗ ಊರ ಹೊರಗೆ ಮತ್ತೆ ರಸ್ತೆ ತುಂಬ ತೆನೆ. ಗಂಡ ಹೆಂಡತಿ ಇಬ್ಬರೂ ಕೋಲು ಹಿಡಿದು ನಿಂತಿದ್ದರು. ಅಪ್ಪನ ಕಡೆ ನೋಡದೆ ನಾನು ಕಾರನ್ನು ಮಣ್ಣಿಗಿಳಿಸಿ ಪಕ್ಕದಿಂದ ಹಾಯಿಸತೊಡಗಿದೆ.

"ನಿಂದ್ರಸು" ಎಂದ.

"ಯಪ್ಪಾ, ಮತ್ತ ಬಿಸಿ ಗಾಳಿ ಬರ್ತೈತಿ. ನೀರಡಿಕಿ ತಡಿಯಾಕ ಆಗೂದಿಲ್ಲ ನಿನಗ."

"ಗೊತ್ತೈತಿ." ಸ್ವಲ್ಪ ಹೊತ್ತು ತೆನೆಗಳನ್ನೇ ನೋಡಿದ. "ಹೊಲಾ ಪಾಲಿಗಿ ಕೊಟ್ಟೀವಿ. ಒಕ್ಕಲತನದಾಗ ನನಗ ಉಳದಿದ್ದು ಇದೊಂದ ಯವ್ವಾ. ಇದನ್ನರ ಮಾಡಗೊಡು."

ಇಷ್ಟು ದಿನ ಅದನ್ನು ಪರೋಪಕಾರವೆಂದು ತಿಳಿದಿದ್ದೆ. ಥರ್ಮಾಮೀಟರು ಕಟ್ಟಿ ಎಲ್ಲವನ್ನೂ ಅಳೆದವಳು, ಪಕ್ಕದಲ್ಲಿ ಕೂತವನನ್ನು ಒಮ್ಮೆಯೂ ಕೇಳಿರಲಿಲ್ಲ.

ಅವನು ಬಾಗಿಲು ತೆರೆದು ಇಳಿದ. ಹೆಗಲ ಮೇಲಿನ ಟವೆಲ್ಲು ಬಿಚ್ಚಿ, ಕಣದಲ್ಲಿ ತೆನೆಗೆ ಬಾಯಿ ಹಾಕದಂತೆ ಎತ್ತಿಗೆ ಬಾಯಿಚಿಕ್ಕ ಕಟ್ಟುವಷ್ಟೇ ನಿಗಾ ಮಾಡಿ ಕಾರಿನ ಮುಂದಿನ ಜಾಲರಿಗೆ ಅಡ್ಡ ಕಟ್ಟಿದ. ನಾನು ಎಸಿ ಬಂದ್ ಮಾಡಿದೆ. ಅವನು ಬಿಸಿಲಲ್ಲಿ ನಿಂತು ಕೈಸನ್ನೆ ಮಾಡಿದ ಕಡೆಯೆಲ್ಲ ಹಿಂದೆ ಮುಂದೆ, ಮೂರು ಸಲ ಹಾಯಿಸಿದೆ.

ಟವೆಲ್ಲು ಬಿಚ್ಚಿ ಹೊಟ್ಟು ಜಾಡಿಸಿಕೊಂಡು ಬಂದು ಕೂತ. ತುಟಿ ಬಿಳಿಚಿಕೊಂಡಿತ್ತು. ನೀರಿನ ಬಾಟಲಿ ಕೊಡಹೋದೆ.

"ಬ್ಯಾಡ. ಮೊದಲ ಅದನ್ನ ಚಾಲೂ ಮಾಡು" ಎಂದ.

ಎಸಿ ಹಾಕಿ ನನ್ನ ಕಡೆಯ ಕಿಂಡಿಯನ್ನೂ ಅವನತ್ತ ತಿರುಗಿಸಿದೆ. ತಣ್ಣನೆಯ ಗಾಳಿ ಬಂತು. ಅವನು ಕಣ್ಣು ಮುಚ್ಚಲಿಲ್ಲ. ಮುಂದೆ ಇನ್ನೆಲ್ಲಾದರೂ ರಾಶಿ ಹಾಕಿದ್ದಾರೇನೋ ಎಂದು ಇಂಡಿಯವರೆಗೂ ರಸ್ತೆ ನೋಡುತ್ತಲೇ ಇದ್ದ.